ಗುಂಡಿ ಚೀಲದ ಅಕ್ಕೋರು

ಸಂತಾಪ ಸಭೆಯಲ್ಲಿ ಹೆಡ್‌ಮಾಸ್ತರರು ಅಕ್ಕೋರ ಬಗ್ಗೆ ಆರು ನಿಮಿಷ ಮಾತಾಡಿದರು. ಸಮಯಪಾಲನೆ, ಸರಳತೆ, ಸೇವಾಮನೋಭಾವ. ಯಾರು ಸತ್ತರೂ ಬರುವ ಈ ಮೂರು ಮಾತುಗಳು ಅಂದೂ ತಪ್ಪದೆ ಬಂದವು. ಆಮೇಲೆ ಮಕ್ಕಳು ಎದ್ದು ನಿಂತು ಮೌನ ಆಚರಿಸಿದರು. ಆ ಮೌನದಲ್ಲಿ ನಾನು ಪಿ.ಟಿ. ಮಾಸ್ತರರ ಮುಖ ನೋಡಿದೆ, ಅವರು ಕ್ಲರ್ಕ್ ಸಾಹೇಬರ ಮುಖ ನೋಡಿದರು. ಈ ಹೊಲಿಗೆ ಶಿಕ್ಷಕಿ ಆರು ವರ್ಷ, ಶನಿವಾರ ಶನಿವಾರ, ಇದೇ ಶಾಲೆಯ ಹೊಲಿಗೆ ಕೋಣೆಯಲ್ಲಿ ಕೂತು ರಾಕ್ಷಸರನ್ನು ಹುಟ್ಟಿಸುತ್ತಿದ್ದರು, ನಮ್ಮ ಮೂವರನ್ನೂ ಎಷ್ಟೋ ಸಲ ಸಾವಿನ ಬಾಯಿಗೆ ನೂಕಿ ಹೊರಗೆಳೆದಿದ್ದರು ಎಂದು ಹೇಳಲು ನಮಗ್ಯಾರಿಗೂ ಬಾಯಿ ಬರಲಿಲ್ಲ. ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಕಮಲಾಪುರದ ನಮ್ಮ ಹೈಸ್ಕೂಲಿನಲ್ಲಿ ಐದು ಜನ ಅಕ್ಕೋರು ಇದ್ದೆವು. ಆದರೆ ಬರೀ ‘ಅಕ್ಕೋರು’ ಎಂದರೆ ಅದು ಅವರೊಬ್ಬರೇ, ಉಳಿದವರಿಗೆಲ್ಲ ವಿಷಯದ ಹೆಸರು ಮುಂದೆ ಅಂಟಿಸುತ್ತಿದ್ದರು. ನಾನು ಸೈನ್ಸ್ ಅಕ್ಕೋರು. ಅವರು ಸಣಕಲು ಹೆಂಗಸು, ಕೊರಳಲ್ಲಿ ಸದಾ ಅಳತೆಯ ಟೇಪು. ಬಸ್ಸಿನಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಸೆರಗಿನ ಅಂಚಿನಲ್ಲಿ ಎರಡು ಸೂಜಿ ಚುಚ್ಚಿಕೊಂಡಿರುತ್ತಿದ್ದರು, ಒಂದಕ್ಕೆ ಬಿಳಿ ದಾರ, ಒಂದಕ್ಕೆ ಕರಿ ದಾರ. ಮನೆ ಕಲಬುರಗಿಯ ಹಳೇ ಓಣಿಯಲ್ಲಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಬಟ್ಟೆ ಅಂಗಡಿಯಲ್ಲಿ ಉರ್ದು. ಹೊಲಿಗೆ ಎಣಿಸುವಾಗ ಮಾತ್ರ ಎಲ್ಲಿದ್ದರೂ ಮರಾಠಿ. ‘ಏಕ, ದೋನ, ತೀನ’ ಎಂದು ತುಟಿ ಅಲ್ಲಾಡುತ್ತಿದ್ದರೆ ಹೆಡ್‌ಮಾಸ್ತರರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನನಗೆ ತೊನ್ನಿದೆ. ಹನ್ನೆರಡನೇ ವಯಸ್ಸಿನಲ್ಲಿ ಮೊಣಕೈ ಹತ್ತಿರ ಶೇಂಗಾ ಬೀಜದಷ್ಟು ಬೆಳ್ಳಗೆ ಕಾಣಿಸಿಕೊಂಡದ್ದು ಈಗ ಎರಡೂ ಮುಂಗೈ ತುಂಬ ಇದೆ, ಬೆನ್ನ ಮೇಲೆ ಜಿಲ್ಲೆಯ ನಕಾಶೆಯಷ್ಟು ದೊಡ್ಡದಿದೆ. ಅದು ಅಂಟುವುದಿಲ್ಲ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನೇ. ಆದರೆ ಹದಿಮೂರನೇ ವಯಸ್ಸಿನಲ್ಲಿ ಒಂದು ಮದುವೆ ಮನೆಯಲ್ಲಿ ಸೋದರತ್ತೆ ನಾನು ನೀರು ಕುಡಿದ ಲೋಟವನ್ನು ಕಾಲಿನಿಂದ ಮೂಲೆಗೆ ಸರಿಸಿದ್ದನ್ನು ಯಾವ ಪಾಠವೂ ಅಳಿಸಲಿಲ್ಲ. ಅಂದಿನಿಂದ ತುಂಬುತೋಳಿನ ಬಟ್ಟೆಯೇ. ಕಲಬುರಗಿಯಲ್ಲೇ ಅಣ್ಣನ ಮನೆಯಲ್ಲಿ ಇರುತ್ತೇನೆ. ಅಣ್ಣನ ಹೆಂಡತಿ, ನನ್ನ ವೈನಿ, ಬಲು ಒಳ್ಳೆಯವರು. ಆದರೂ ಚಿಲಕ ಹಾಕಿಕೊಂಡೇ ಸೀರೆ ಉಡುತ್ತಿದ್ದೆ. ಜನ ಬೇಸಗೆ ಬಂತೆಂದರೆ ಗೋಳಾಡುತ್ತಾರೆ, ನನಗೆ ಅದೇ ಸುಖದ ಕಾಲ. ಆಗ ನಮ್ಮೂರಿನ ಹೆಣ್ಣುಮಕ್ಕಳೆಲ್ಲ ಬಿಸಿಲಿಗೆ ಹೆದರಿ ಮೊಣಕೈವರೆಗೆ ಗ್ಲೌಸು, ಮುಖಕ್ಕೆ ಸ್ಕಾರ್ಫು ಸುತ್ತಿಕೊಂಡು ತಿರುಗುತ್ತಾರೆ, ನಾನು ಎಲ್ಲರಂತೆ ಕಾಣುತ್ತೇನೆ.

ಕೆಲಸಕ್ಕೆ ಸೇರಿದ ಮೂರನೇ ದಿನ ಬಸ್ಸಿನ ಸೀಟಿನ ಕಬ್ಬಿಣಕ್ಕೆ ಸಿಕ್ಕಿ ನನ್ನ ರವಿಕೆಯ ತೋಳು ಪರ್ರನೆ ಹರಿಯಿತು. ಸೆರಗನ್ನು ಕೈಗೆ ಸುತ್ತಿಕೊಂಡು ಶಾಲೆಯ ಗೇಟಿನಲ್ಲಿ ನಿಂತವಳಿಗೆ ಒಳಗೆ ಹೋಗುವ ಧೈರ್ಯವಿಲ್ಲ, ಹಿಂದಕ್ಕೆ ಹೋಗಲು ಬಸ್ಸಿಲ್ಲ. ಹಿಂದೆಯೇ ಬರುತ್ತಿದ್ದ ಅಕ್ಕೋರು ನನ್ನ ರಟ್ಟೆ ಹಿಡಿದು ಹೊಲಿಗೆ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ರವಿಕೆ ಬಿಚ್ಚು ಎನ್ನುತ್ತಾರೆಂದು ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ. ಅವರು ಎನ್ನಲಿಲ್ಲ.

“ಮೈಮ್ಯಾಲಿದ್ದ ಬಟ್ಟಿ ಹೊಲೀಬಾರದಂತಾರ. ಬಾಯಾಗ ಒಂದು ದಾರ ಕಚ್ಚಿ ಹಿಡಕೋ, ಏನೂ ಆಗಂಗಿಲ್ಲ” ಎಂದು ಒಂದು ತುಂಡು ದಾರ ಹಲ್ಲಿನ ನಡುವೆ ಕೊಟ್ಟರು. ಸೆರಗಿನ ಮರೆಯಲ್ಲೇ, ಚರ್ಮಕ್ಕೆ ಸೂಜಿ ತಾಕದಂತೆ, ಹನ್ನೊಂದು ಹೊಲಿಗೆ ಹಾಕಿದರು. ನಾನೂ ಮರಾಠಿಯಲ್ಲೇ ಎಣಿಸಿದೆ. ಬಾಯಲ್ಲಿ ದಾರ ಇದ್ದದ್ದರಿಂದ ಏನೂ ವಿವರಣೆ ಕೊಡಬೇಕಾಗಲಿಲ್ಲ. ಅವರು ನೋಡಿದರೋ ಇಲ್ಲವೋ ಎಂಬುದು ಅಂದು ಗೊತ್ತಾಗಲಿಲ್ಲ. ನೋಡದೆ ಹೊಲಿಯಲು ಬರುವುದಿಲ್ಲ ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು.

ಆಟ ಶುರುವಾದದ್ದು ಆ ವರ್ಷದ ಬೇಸಗೆ ರಜೆಯ ನಂತರ. ಪುಣೆಯಲ್ಲಿರುವ ಅವರ ತಮ್ಮನ ಮಗಳು ರಜೆಗೆ ಬಂದವಳು ಒಂದು ಡಬ್ಬಿ ಬಿಟ್ಟುಹೋಗಿದ್ದಳು. ಒಳಗೆ ದಪ್ಪ ಇಂಗ್ಲಿಷ್ ಪುಸ್ತಕ, ತುಂಬ ಬಣ್ಣದ ಚಿತ್ರಗಳು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಬ್ಬೊಬ್ಬ ವೀರನೋ ಮಾಟಗಾರನೋ ಕಳ್ಳನೋ ಆಗಬೇಕು. ‘ಗುಡ್ಡದ ತಿರುವಿನಲ್ಲಿ ರಾಕ್ಷಸ ನಿಂತಿದ್ದಾನೆ, ಏನು ಮಾಡುತ್ತೀರಿ?’ ಎಂದು ಕಥೆ ನಡೆಸುವವರು ಕೇಳುತ್ತಾರೆ, ಉಳಿದವರು ಹೇಳುತ್ತಾರೆ. ಏಟು ಬಿತ್ತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ನಿರ್ಧರಿಸುತ್ತಾರೆ. ಅಕ್ಕೋರು ರಜೆಯಿಡೀ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರು. ಕೇಳಿದರೆ, “ಚಿತ್ರದಾಗಿನ ಅರಬಿ ಭಾಳ ಛಂದ ಇದ್ವು, ಅದಕ್ಕ ಹಿಡಕೊಂಡು ಕುಂತೆ” ಎಂದರು. ಅರಬಿ ಎಂದರೆ ಬಟ್ಟೆ. ದಾಳವನ್ನು ಹುಡುಗಿ ಪುಣೆಗೆ ಒಯ್ದಿದ್ದಳು. ಅದಕ್ಕೆ ಅಕ್ಕೋರು ಇಪ್ಪತ್ತು ಅಂಗಿ ಗುಂಡಿ ಆರಿಸಿ, ಕಾಯಿಸಿದ ಸೂಜಿಯಿಂದ ಒಂದರಿಂದ ಇಪ್ಪತ್ತರವರೆಗೆ ಅಂಕಿ ಕೊರೆದು, ಒಂದು ಬಟ್ಟೆ ಚೀಲ ಹೊಲಿದು ಅದರಲ್ಲಿ ಹಾಕಿದರು. ಕೈ ಹಾಕಿ ಒಂದು ಗುಂಡಿ ತೆಗೆಯುವುದು, ಎಲ್ಲರಿಗೂ ತೋರಿಸುವುದು, ಮತ್ತೆ ಚೀಲಕ್ಕೆ ಹಾಕುವುದು. ತೋರಿಸುವ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಬಿಟ್ಟರೆ ಎರಡೂವರೆಯ ಬಸ್ಸಿನವರೆಗೆ ನಾವು ನಾಲ್ವರು ಹೊಲಿಗೆ ಕೋಣೆಯ ಕತ್ತರಿಸುವ ಮೇಜಿನ ಸುತ್ತ ಕೂರುತ್ತಿದ್ದೆವು. ಪಿ.ಟಿ. ಮಾಸ್ತರರು ತಾಜಸುಲ್ತಾನಪುರದ ಒಕ್ಕಲುತನದ ಮನೆಯವರು, ಬಾಗಿಲು ತುಂಬುವ ಆಳು, ಆಟದಲ್ಲಿ ಯಾವಾಗಲೂ ಮುಂದೆ ನುಗ್ಗುವ ದಂಡಾಳು. ಕ್ಲರ್ಕ್ ಸಾಹೇಬರು ಕಮಲಾಪುರದವರೇ. ತೋಟದ ಕೆಂಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು, ಮೃದುವಾಗಿ ನಕ್ಕು, ಆಟದಲ್ಲಿ ಜೇಬು ಕತ್ತರಿಸುತ್ತಿದ್ದರು. ಒಮ್ಮೆ ಅವರ ಅಂಗಿಯ ಗುಂಡಿ ಉದುರಿದಾಗ ಅಕ್ಕೋರು ಕೈಗೆ ಸಿಕ್ಕ ಗುಂಡಿಯನ್ನು ಹೊಲಿದುಬಿಟ್ಟರು. ಮುಂದಿನ ಶನಿವಾರ ಎಷ್ಟು ಹುಡುಕಿದರೂ ಹದಿನೇಳು ಬರಲೇ ಇಲ್ಲ. ಅದು ಸಾಹೇಬರ ಹೊಟ್ಟೆಯ ಮೇಲಿತ್ತು, ಬಿಚ್ಚಿ ಮತ್ತೆ ಚೀಲಕ್ಕೆ ಹಾಕಬೇಕಾಯಿತು. ನಾನು ಮಲ್ಲವ್ವ ಎಂಬ ಕತ್ತಿವೀರೆಯಾದೆ. ತಲೆಯಿಂದ ಹಿಮ್ಮಡಿವರೆಗೆ ಕಬ್ಬಿಣದ ಕವಚ ಬೇಕೆಂದೆ. ಮುಖಕ್ಕೂ ಬೇಕೆಂದೆ.

ಕವಚದ ಅಧ್ಯಾಯಕ್ಕೆ ಬಂದಾಗ ಅಕ್ಕೋರಿಗೂ ಪುಸ್ತಕಕ್ಕೂ ಜಗಳ ಹತ್ತಿತು. ಪುಸ್ತಕದ ಪ್ರಕಾರ ಕವಚ ಹಾಕಿದವನಿಗೆ ಒಂದು ಅಂಕಿ ಇರುತ್ತದೆ, ಹದಿನೆಂಟು ಎನ್ನಿ. ಶತ್ರುವಿನ ದಾಳ ಅದನ್ನು ಮುಟ್ಟದಿದ್ದರೆ ಏಟೇ ಬೀಳಲಿಲ್ಲವೆಂದು ಲೆಕ್ಕ. ಕವಚ ಗಟ್ಟಿಯಾದಷ್ಟೂ ಅಂಕಿ ದೊಡ್ಡದು, ಏಟು ಬೀಳುವುದು ಕಷ್ಟ. ಅಕ್ಕೋರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಬರದಾವ ಒಂದು ದಿನಾನೂ ಅರಬಿ ಹೊಲದಿಲ್ಲ ನೋಡ್ರಿ. ಕವಚ ಹಾಕ್ಕೊಂಡ್ರ ಏಟು ಬೀಳೂದೇ ಇಲ್ಲಂದ್ರ ಹ್ಯಾಂಗ? ಬೀಳ್ತದ. ಎಲ್ಲಾರಿಗೂ ಬೀಳ್ತದ. ಕವಚ ಇದ್ದಾವಗ ಕಡಿಮಿ ಹತ್ತತದ, ಅಷ್ಟ.”

ಹಾಗಾಗಿ ನಮ್ಮ ಕಮಲಾಪುರದ ಕಾಯದೆ ಬೇರೆಯಾಯಿತು. ಚೀಲದಿಂದ ಬಂದ ಗುಂಡಿಯ ಅಂಕಿಯೇ ಏಟಿನ ಜೋರು. ಅದರಲ್ಲಿ ಕೌದಿ ಮೂರು ತಿನ್ನುತ್ತದೆ, ಚರ್ಮ ನಾಲ್ಕು, ಸರಪಳಿ ಅಂಗಿ ಆರು, ಕಬ್ಬಿಣದ ತಗಡು ಎಂಟು. ಉಳಿದದ್ದು ಮೈಗೆ. ಪ್ರತಿಯೊಬ್ಬರಿಗೂ ಇಪ್ಪತ್ತು ಜೀವ. ಒಂದೊಂದು ಏಟಿಗೂ ಕವಚ ಒಂದಂಕಿ ಸವೆಯುತ್ತದೆ, ಕೂತು ರಿಪೇರಿ ಮಾಡಿಸಿಕೊಳ್ಳಬೇಕು.

“ಕೌದಿ ಯಾಕ್ರಿ ಇದರಾಗ? ಮಲಗಾಕ?” ಎಂದು ಪಿ.ಟಿ. ಮಾಸ್ತರರು ನಕ್ಕರು. ಹಳೇ ಸೀರೆ ಧೋತರಗಳನ್ನು ಪದರ ಪದರ ಇಟ್ಟು ಹೊಲಿದ ಹೊದಿಕೆಗೆ ನಮ್ಮಲ್ಲಿ ಕೌದಿ ಎನ್ನುವುದು. ಕಬ್ಬಿಣದ ಒಳಗೆ ಅದನ್ನು ತೊಡಬೇಕೆಂದು ಅಕ್ಕೋರು ಹೇಳಿದ್ದರು. ನಮ್ಮ ಸೆಕೆಯಲ್ಲಿ ಯಾರು ಕೌದಿ ಹಾಕಿಕೊಳ್ಳುತ್ತಾರೆ? ಮಾಸ್ತರರು ಬರೀ ಕಬ್ಬಿಣ ಹಾಕಿಕೊಂಡು ಗದೆ ಹಿಡಿದ ದೈತ್ಯನ ಮುಂದೆ ಹೋಗಿ ನಿಂತರು. ಹದಿನೈದರ ಗುಂಡಿ ಬಂತು. ಎಂಟು ಕಬ್ಬಿಣ ತಿಂದಿತು, ಏಳು ಮೈಗೆ.

“ಪಕ್ಕಡಿ ಮುರದದ ನಿಮ್ದು” ಎಂದರು ಅಕ್ಕೋರು, ತಮ್ಮ ಪಕ್ಕೆಲುಬು ಮುಟ್ಟಿ ತೋರಿಸಿ.

“ಕವಚ ಮುರದಿಲ್ಲಲ್ರಿ!”

“ಕವಚ ಮುರದಿಲ್ಲ. ಪಕ್ಕಡಿ ಮುರದದ.”

ಮಾಸ್ತರರು ಒಪ್ಪಲಿಲ್ಲ. ಅಕ್ಕೋರು ಎದ್ದು ಹೋಗಿ ಗುಂಡಿ ಡಬ್ಬಿಯ ಸ್ಟೀಲ್ ಮುಚ್ಚಳ ತಂದು ಅವರ ಮೊಣಕಾಲಿನ ಮೇಲಿಟ್ಟು, ಬಟ್ಟೆ ಅಳೆಯುವ ಮೊಳಕಡ್ಡಿಯಿಂದ ಒಂದು ಬಾರಿಸಿದರು. ಬಾಗಿಲು ತುಂಬುವ ಆಳು ಯಪ್ಪಾ ಎಂದು ಕುಪ್ಪಳಿಸಿದರು. ಆಮೇಲೆ ಮೆಷಿನ್ನಿನ ಕೆಳಗೆ ಹಾಸಿದ್ದ ಕೌದಿ ತುಂಡನ್ನು ಮಡಚಿ ಮೊಣಕಾಲಿನ ಮೇಲಿಟ್ಟು, ಅದರ ಮೇಲೆ ಮುಚ್ಚಳ ಇಟ್ಟು, ಮತ್ತೆ ಬಾರಿಸಿದರು. ಈ ಸಲ ಮಾಸ್ತರರು ಬರೀ ಕಣ್ಣು ಮುಚ್ಚಿಕೊಂಡಿದ್ದರು.

“ಕತ್ತಿ ತಡಿಯೂದು ಕಬ್ಬಿಣ. ಪೆಟ್ಟು ತಡಿಯೂದು ಒಳಗಿನ ಕೌದಿ. ಯಾರಿಗೂ ಕಾಣಂಗಿಲ್ಲ ಅದು, ಅದಕ್ಕ ಎಲ್ಲಾರೂ ಮರೀತಾರ” ಎಂದು ಅಕ್ಕೋರು ಮೊಳಕಡ್ಡಿಯನ್ನು ಜಾಗಕ್ಕಿಟ್ಟರು. ಅಂದಿನಿಂದ ನಮ್ಮ ಮೂವರು ವೀರರೂ ಕೌದಿ ತೊಟ್ಟರು. ಮಾಸ್ತರರ ಮೊಣಕಾಲು ಸೋಮವಾರದವರೆಗೂ ನೋಯುತ್ತಿತ್ತು.

ಇನ್ನೊಂದು ಕಾಯದೆ ನನಗೆ ಕಿರಿಕಿರಿ ಮಾಡಿತು. ಕಬ್ಬಿಣದ ಕವಚವನ್ನು ಒಬ್ಬರೇ ತೊಡುವಂತಿಲ್ಲ, ಬೆನ್ನಿನ ಪಟ್ಟಿಯನ್ನು ಇನ್ನೊಬ್ಬರು ಕಟ್ಟಬೇಕು. ಮಲ್ಲವ್ವ ಒಂಟಿ ಹೆಣ್ಣು, ಯಾರ ಹಂಗಿನಲ್ಲೂ ಇಲ್ಲದವಳು ಎಂದು ನಾನು ವಾದಿಸಿದೆ.

“ಯಾವ ರಾಜನ ಮಗಳಿದ್ರೂ ತನ್ನ ಬೆನ್ನಿನ ಗುಂಡಿ ತಾನ ಹಾಕ್ಕೊಳ್ಳಾಕ ಬರಂಗಿಲ್ಲ ತಂಗಿ. ಕೈ ಹೋಗಂಗಿಲ್ಲ ಅಲ್ಲಿ.”

“ನಾ ಮುಂದ ಹುಕ್ಕು ಇಡಸ್ತೀನಿ” ಎಂದೆ ಮೊಂಡಾಗಿ. ನನ್ನ ರವಿಕೆಗಳೆಲ್ಲ ಹಾಗೇ ಇದ್ದವು. ಆಗಲೇ ಅವುಗಳನ್ನು ಹೊಲಿದುಕೊಡುತ್ತಿದ್ದವರೂ ಅಕ್ಕೋರೇ. ಅವರು ನನ್ನನ್ನು ಒಂದು ಗಳಿಗೆ ನೋಡಿ, “ಆತು. ಮಲ್ಲವ್ವಗ ಮುಂದ ಪಟ್ಟಿ” ಎಂದು ಬರೆದುಕೊಂಡರು. ನನಗೊಬ್ಬಳಿಗೆ ಅವರು ಕಾಯದೆ ಸಡಿಲಿಸಿದ್ದು ಅದೊಂದೇ ಸಲ ಎಂದು ಬಹಳ ದಿನ ತಿಳಿದಿದ್ದೆ. ನಿಜ ಹಾಗಿರಲಿಲ್ಲ. ಬಿಸಿಲಿನಲ್ಲಿ ಕಬ್ಬಿಣ ತೊಟ್ಟು ಅರ್ಧ ದಿನ ನಡೆದು ನೀರು ಸಿಗದಿದ್ದರೆ ಒಂದು ಜೀವ ಹೋಗುತ್ತದೆ ಎಂಬ ಕಾಯದೆಯೂ ಇತ್ತು. ಆದರೆ ಮಲ್ಲವ್ವ ಹೋದಲ್ಲೆಲ್ಲ, ಬರಡು ಗುಡ್ಡದ ಮೇಲೂ, ಯಾರೋ ಒಬ್ಬರು ತಂಬಿಗೆ ಹಿಡಿದು ಎದುರಾಗುತ್ತಿದ್ದರು. ಕುರುಬರ ಮುದುಕಿ, ದಾರಿಯ ಫಕೀರ, ಒಮ್ಮೆ ಒಬ್ಬ ಸಣ್ಣ ರಾಕ್ಷಸ ಕೂಡ. ಅವರೆಲ್ಲ ತಮ್ಮ ತಂಬಿಗೆಯಿಂದಲೇ ಕುಡಿಸುತ್ತಿದ್ದರು, ಆಮೇಲೆ ಅದೇ ತಂಬಿಗೆಯಿಂದ ತಾವೂ ಕುಡಿಯುತ್ತಿದ್ದರು. ಲೋಟದ ಕಥೆಯನ್ನು ನಾನು ಅಕ್ಕೋರಿಗೆ ಯಾವತ್ತೂ ಹೇಳಿರಲಿಲ್ಲ.

ಊಟದ ಮನೆಯ ಪ್ರಸಂಗವನ್ನು ನಾವು ಮೂವರೂ ಇಂದಿಗೂ ಮರೆತಿಲ್ಲ. ಕಥೆಯಲ್ಲಿ ಸಂಜೆಯಾಗಿತ್ತು, ಒಂದು ಹಳ್ಳಿಯ ಮುದುಕಿ ನಮ್ಮನ್ನು ಊಟಕ್ಕೆ ಕರೆದಳು. ಮುದುಕಿಯ ಮಾತು ಅಕ್ಕೋರದೇ. “ಬರ್ರೆಪಾ, ಬಿಸಿ ರೊಟ್ಟಿ ಬಡೀಲಾಕತ್ತೀನಿ, ಪುಂಡಿಪಲ್ಯ ಅದ” ಎಂದದ್ದೇ ತಡ, ಪಿ.ಟಿ. ಮಾಸ್ತರರು, “ನಾ ಕಾಲ್ ತೊಳಕೊಂಡು ಒಳಗ ಹೋಗ್ತೀನ್ರಿ. ಕವಚ ಕಟ್ಟಿ ಮ್ಯಾಲ ಬಿಚ್ಚಿಟ್ಟೀನಿ” ಎಂದರು. “ನಂದೂ” ಎಂದರು ಕ್ಲರ್ಕ್ ಸಾಹೇಬರು, ಕತ್ತಿಯನ್ನೂ ಬಾಗಿಲ ಹೊರಗಿಟ್ಟು. ಬಿಚ್ಚಿರಿ ಎಂದು ಯಾರೂ ಹೇಳಿರಲಿಲ್ಲ. ಆ ಪುಸ್ತಕ ಬರೆದವರ ದೇಶದಲ್ಲಿ ಈ ತಪ್ಪನ್ನು ಯಾರೂ ಮಾಡಿರಲಿಕ್ಕಿಲ್ಲ. ಉಣ್ಣುವ ಮನೆಗೆ ಕಬ್ಬಿಣ ತೊಟ್ಟು ಹೋಗಲು ನಮ್ಮವರಿಗೆ ಆಟದಲ್ಲೂ ಮನಸ್ಸು ಬರಲಿಲ್ಲ.

“ಮಲ್ಲವ್ವ ಬಿಚ್ಚಂಗಿಲ್ಲ. ಬಾಗಲದಾಗ ನಿಂತು ಉಣ್ತಾಳ” ಎಂದೆ ನಾನು.

“ಅದೇನ್ ರೀತಿರೀ? ಕರದವ್ರ ಮನಿಯಾಗ!” ಎಂದರು ಮಾಸ್ತರರು. ತಮಾಷೆಗೇ ಅಂದದ್ದು. ನಾನು ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡೆ.

ಅಕ್ಕೋರು ಮುದುಕಿಯ ಧ್ವನಿಯಲ್ಲೇ ಹೇಳಿದರು: “ಇರ್ಲಿ ಬಿಡಪಾ. ಆಕಿ ತಾಟ ನಾ ಬಾಗಲಕ್ಕ ತಂದು ಕೊಡ್ತೀನಿ. ಮೈಮ್ಯಾಲಿಂದು ಯಾವಾಗ ಇಳಸಬೇಕಂತ ತೊಟ್ಟಾಕಿಗಿ ಗೊತ್ತಿರತದ, ನೋಡಾವರಿಗೇನು ಗೊತ್ತು?”

ಆಮೇಲೆ ಕಳ್ಳರು ಬಂದರು. ಒಳಗೆ ಇಬ್ಬರು ವೀರರು ಕೈಯಲ್ಲಿ ರೊಟ್ಟಿ ಹಿಡಿದು, ಮೈಮೇಲೆ ಏನಿಲ್ಲದೆ ಕೂತಿದ್ದಾರೆ. ಒಬ್ಬರ ಬೆನ್ನು ಒಬ್ಬರು ಕಟ್ಟಿಕೊಂಡು ತಯಾರಾಗಲು ಮೂರು ಏಟಿನಷ್ಟು ಹೊತ್ತು ಬೇಕು. ಬಾಗಿಲಲ್ಲಿ ಕವಚ ತೊಟ್ಟವಳು ಮಲ್ಲವ್ವ ಒಬ್ಬಳೇ. ಕಬ್ಬಿಣ ಎಂಟು, ಕೌದಿ ಮೂರು, ಒಟ್ಟು ಹನ್ನೊಂದು. ಮೊದಲ ಗುಂಡಿ ಹತ್ತೊಂಬತ್ತು. ಎಂಟು ಜೀವ ಹೋಯಿತು. ಎರಡನೆಯದು ಹದಿನಾಲ್ಕು, ಸವೆದ ಕವಚ ಹತ್ತು ತಿಂದಿತು, ನಾಲ್ಕು ಹೋಯಿತು. ಉಳಿದದ್ದು ಎಂಟೇ. ಮೂರನೇ ಸಲ ಅಕ್ಕೋರು ಚೀಲಕ್ಕೆ ಕೈ ಹಾಕಿ ಗುಂಡಿ ತೆಗೆದರು, ನೋಡಿದರು, ಮುಷ್ಟಿ ಮುಚ್ಚಿ ಚೀಲಕ್ಕೆ ಹಾಕಿಬಿಟ್ಟರು.

“ಆರು” ಎಂದರು.

“ತೋರಸ್ರಿ” ಎಂದರು ಮಾಸ್ತರರು.

“ನಾ ಹೇಳಿದ್ನಲ್ಲ, ಆರು. ಕವಚ ತಿಂತು. ಮಲ್ಲವ್ವ ನಿಂತಾಳ.”

ಬಾಗಿಲು ಉಳಿಯಿತು, ಮನೆ ಉಳಿಯಿತು, ರೊಟ್ಟಿಯೂ ಉಳಿಯಿತು. ನಾಚಿಕೆಯಿಂದ ಮೈ ಮುಚ್ಚಿಕೊಂಡವಳು ಎಂದು ನನ್ನನ್ನು ನಾನು ತಿಳಿದಿದ್ದೆ. ಅಂದು ಎರಡೂವರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸ್ಕಾರ್ಫಿನೊಳಗೇ ಬಹಳ ಹೊತ್ತು ಅತ್ತೆ. ದುಃಖಕ್ಕಲ್ಲ.

ಆದರೂ ನಾನು ಅರ್ಜಿ ಬರೆದೆ. ಬಿಳುಪು ಮಣಿಕಟ್ಟು ದಾಟಿ ಅಂಗೈ ಹಿಂಭಾಗಕ್ಕೆ ಬರತೊಡಗಿತ್ತು. ಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ಅರವತ್ತು ಕಣ್ಣುಗಳು ಅಲ್ಲಿಗೇ ಬರುತ್ತವೆ ಎನ್ನಿಸುತ್ತಿತ್ತು. ಪಾಠ ಬಿಟ್ಟು ನಗರದ ಯಾವುದಾದರೂ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ ಹಾಕಿರೆಂದು ಎರಡು ಪುಟ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ನಾನು ಪಾಠ ಮಾಡುವುದನ್ನು ಇಷ್ಟಪಡುತ್ತೇನೆ. ಆ ಎರಡು ಪುಟ ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ಅಕ್ಕೋರಿಗೆ ಮಾತ್ರ ಹೇಳಿದ್ದೆ, ಸೋಮವಾರ ಕೊಡುತ್ತೇನೆಂದು. ಅವರು ಹೂಂ ಎಂದಿದ್ದರು. ಶನಿವಾರ ಆಟ ಮುಗಿದು ನೋಡಿದರೆ, ಬ್ಯಾಗಿನಲ್ಲಿದ್ದ ಅರ್ಜಿ ಮೇಜಿನ ಮೇಲಿತ್ತು, ಅದರ ಹಿಂಬದಿಯ ಎರಡೂ ಪುಟಗಳಲ್ಲಿ ಅವರ ದುಂಡು ಅಕ್ಷರ: ಮಲ್ಲವ್ವ, ಕಬ್ಬಿಣ ಎಂಟು, ಕೌದಿ ಮೂರು, ಸವೆದದ್ದು ಎರಡು, ರಿಪೇರಿ ಬಾಕಿ.

“ಅಗ ಬಾಯಿ! ರಫ್ ಕಾಗದ ಅಂತ ತಿಳದೆನಲ್ಲ” ಎಂದರು. ಮೂವತ್ತು ವರ್ಷ ಕತ್ತರಿ ಹಿಡಿದು ಒಂದು ಬಟ್ಟೆ ತಪ್ಪು ಕತ್ತರಿಸದ ಹೆಂಗಸು! ನನಗೆ ಸಿಟ್ಟೂ ಬಂತು, ನಗುವೂ ಬಂತು. ಇನ್ನೊಮ್ಮೆ ಬರೆಯಲು ಇನ್ನೂ ಹನ್ನೆರಡು ದಿನ ಬೇಕಲ್ಲ ಎಂದು ಮುಂದೆ ಹಾಕಿದೆ.

ಆ ಮುಂದೆ ಹಾಕಿದ ದಿನಗಳಲ್ಲೇ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ವಹಿ ತೋರಿಸಲು ಬಂದವಳು ನನ್ನ ಮಣಿಕಟ್ಟು ನೋಡಿಬಿಟ್ಟಳು. ತೋಳು ಮೇಲೆ ಸರಿದಿತ್ತು. “ಸೈನ್ಸ್ ಅಕ್ಕೋರ್ರೀ, ನಮ್ ಕಾಕಿಗೂ ಅದಾವ್ರಿ ಇವು” ಎಂದಳು. ನಾನು ತೋಳು ಕೆಳಗೆಳೆದುಕೊಂಡೆ. ಅವಳು ವಹಿಯ ಪುಟ ಮಗುಚಿ, “ಈ ಐದನೇ ಲೆಕ್ಕ ತಿಳೀಲಿಲ್ರಿ” ಎಂದಳು. ಐದನೇ ಲೆಕ್ಕ ಹೇಳಿಕೊಟ್ಟೆ. ಏಟು ಬಿದ್ದಿತ್ತು, ಕಡಿಮೆ ಹತ್ತಿತ್ತು.

ತೋಳು ಹೇಗೆ ಮೇಲೆ ಸರಿದಿತ್ತು ಎಂಬುದಕ್ಕೆ ನಾನು ಬೇರೆಯೇ ಕಾರಣ ಹುಡುಕಿದ್ದೆ. ಬಟ್ಟೆ ನೀರಿಗೆ ಕುಗ್ಗುತ್ತಿದೆ ಎಂದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ದೊಡ್ಡ ಜಗಳ ತೆಗೆದೆ. “ನಹೀ ಅಕ್ಕಾ, ಈ ಮಾಲು ಕುಗ್ಗಂಗಿಲ್ರಿ, ಖರೆ ಹೇಳ್ತೀನಿ” ಎಂದು ಆ ಪಾಪದ ಮನುಷ್ಯ ಕೈ ಮುಗಿದ. ಪಕ್ಕದಲ್ಲೇ ಇದ್ದ ಅಕ್ಕೋರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಜರಾ ಕುಗ್ಗತದ ತಂಗಿ, ಹತ್ತಿ ಅಲ್ಲೇನು” ಎಂದು ಗಂಭೀರವಾಗಿ ನನ್ನ ಪರ ಸಾಕ್ಷಿ ಹೇಳಿದರು.

ಅವರು ನಿವೃತ್ತರಾಗಿ ಎರಡು ವರ್ಷ. ಮೊದಲ ವರ್ಷ ಶನಿವಾರಗಳಂದು ಬಸ್ಸಿಗೆ ಬಂದು ಆಟ ನಡೆಸಿದರು. ಆಮೇಲೆ ಹೃದಯದ ತೊಂದರೆಯೆಂದು ಅವರ ತಮ್ಮ ಅವರನ್ನು ಪುಣೆಗೆ ಕರೆದೊಯ್ದ. ಫೋನಿನಲ್ಲಿ ಮಾತಾಡಿದಾಗಲೆಲ್ಲ ಎರಡೇ ಪ್ರಶ್ನೆ: ಮಲ್ಲವ್ವ ಹ್ಯಾಂಗದಾಳ, ಮತ್ತೆ ಅರ್ಜಿ ಬರದಿಯೇನು. ಬರೆದಿರಲಿಲ್ಲ. ಆದರೆ ಬರೆಯುವುದಿಲ್ಲ ಎಂದೂ ನಾನು ಒಮ್ಮೆಯೂ ಹೇಳಲಿಲ್ಲ. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೇಳಬೇಕಾದದ್ದನ್ನು ಹೇಳಲಿಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಸಂತಾಪ ಸಭೆಯಾದ ವಾರಕ್ಕೆ ಅವರ ತಮ್ಮನ ಮಗಳು, ಡಬ್ಬಿಯ ಹುಡುಗಿ, ಈಗ ಕೆಲಸದಲ್ಲಿರುವವಳು, ಕಲಬುರಗಿಗೆ ಬಂದು ನನಗೊಂದು ಗಂಟು ಕೊಟ್ಟಳು. “ಅತ್ತ್ಯಾ ಹಾಸಿಗಿ ಮ್ಯಾಲ ಕುಂತು ಕುಂತು ಹೊಲದಾರ್ರೀ ಇದು. ನಿಮಗ ಕೊಡು ಅಂದ್ರು” ಎಂದಳು. ಗಂಟಿನಲ್ಲಿ ಗುಂಡಿ ಚೀಲ, ಮತ್ತೆ ಕೆಂಬಾಳೆಯ ಬಣ್ಣದ ಒಂದು ರವಿಕೆ.

ತೋಳು ಮೊಣಕೈವರೆಗೆ ಮಾತ್ರ ಇತ್ತು. ಕಾಯಿಲೆಯಲ್ಲಿ ಅಳತೆ ತಪ್ಪಿದ್ದಾರೆ ಎಂದುಕೊಂಡೆ. ಆಮೇಲೆ ಏನೋ ಅನ್ನಿಸಿ ಕಪಾಟಿನಿಂದ ಅವರು ಹೊಲಿದ ರವಿಕೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಸಾಲಾಗಿ ಹಾಸಿದೆ. ಮೊದಲನೆಯದರ ತೋಳು ಬೆರಳ ಗೆಣ್ಣು ಮುಟ್ಟುತ್ತಿತ್ತು. ಮುಂದಿನದು ಅದಕ್ಕಿಂತ ಅರ್ಧ ಬೆರಳು ಮೋಟು. ಅದರ ಮುಂದಿನದು ಇನ್ನರ್ಧ ಬೆರಳು. ಎಂಟು ವರ್ಷ, ಒಂದೊಂದೇ ಏಟಿಗೆ ಒಂದೊಂದೇ ಅಂಕಿ. ಬಟ್ಟೆ ಅಂಗಡಿಯವನನ್ನು ನೆನೆದು ತಲೆ ತಗ್ಗಿಸಿದೆ. ಮೋಸ ಮಾಡಿದರಲ್ಲ ಎಂದು ಸಿಟ್ಟು ಬಂತು, ನಿಜವಾಗಿಯೂ ಬಂತು. ಮೋಟು ತೋಳಿನ ಒಂದು ಅಂಚನ್ನು ಮಗುಚಿ ನೋಡಿದೆ. ಒಳಗೆ ಬಟ್ಟೆ ಮಡಿಕೆ ಮಡಿಕೆಯಾಗಿ ಬಿಟ್ಟಿದ್ದರು, ಕಚ್ಚಾ ಹೊಲಿಗೆ ಹಾಕಿ. ಎಳೆದರೆ ಬಿಚ್ಚುವಂಥದ್ದು. ಬಿಚ್ಚಿದರೆ ಪೂರಾ ಬೆರಳ ಗೆಣ್ಣಿನವರೆಗೆ ಬರುವಷ್ಟಿತ್ತು. ಎಲ್ಲ ರವಿಕೆಗಳಲ್ಲೂ ಹಾಗೇ ಇತ್ತು. ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದಿತ್ತು, ನಾನೇ ನೋಡಿರಲಿಲ್ಲ.

ಗುಂಡಿ ಚೀಲವನ್ನು ಸುಮ್ಮನೆ ಮಂಚದ ಮೇಲೆ ಸುರಿದು ಎಣಿಸಿದೆ. ಹದಿನೈದೇ ಇದ್ದವು. ಒಂದರಿಂದ ಹದಿನೈದು. ಮತ್ತೆ ರವಿಕೆ ತಿರುಗಿಸಿದೆ. ಮುಂದೆ ಹುಕ್ಕಿರಲಿಲ್ಲ. ಬೆನ್ನಿಗೆ ಸಾಲಾಗಿ ಐದು ಗುಂಡಿ, ಒಂದೊಂದರ ಮೇಲೂ ಕಾಯಿಸಿದ ಸೂಜಿಯ ಅಂಕಿ. ಶತ್ರುವಿನ ಕೈಗೆ ಸಿಗುತ್ತಿದ್ದ ಅತಿ ಜೋರಿನ ಐದು ಏಟುಗಳನ್ನು ಅಕ್ಕೋರು ಚೀಲದಿಂದ ತೆಗೆದು ನನ್ನ ಬೆನ್ನಿಗೆ ಹೊಲಿದಿದ್ದರು.

ಮರುದಿನ ಬೆಳಿಗ್ಗೆ ಶಾಲೆಗೆ ಅದನ್ನೇ ತೊಟ್ಟೆ. ಚಿಲಕ ಹಾಕಿಕೊಂಡು, ಕೈ ಹಿಂದೆ ತಿರುಗಿಸಿ ಎಷ್ಟು ಒದ್ದಾಡಿದರೂ ಮೇಲಿನದೊಂದು, ಕೆಳಗಿನದೊಂದು ಸಿಕ್ಕಿ ಜಾರಿದವು. ನಡುವಿನ ಮೂರಕ್ಕೆ ಕೈ ಹೋಗಲೇ ಇಲ್ಲ. ಹೋಗುವುದಿಲ್ಲ ಎಂದು ಅವರು ಹೇಳಿದ್ದರು. ಬಸ್ಸಿನ ಹೊತ್ತಾಗುತ್ತಿತ್ತು. ಚಿಲಕ ತೆಗೆದೆ.

“ವೈನೀ, ಜರಾ ಇಲ್ಲಿ ಬರ್ರಿ. ಹಿಂದಿನ ಗುಂಡಿ ಹಾಕ್ರಿ.”

ವೈನಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದರು. ನಾನು ಬೆನ್ನು ಮಾಡಿ ನಿಂತೆ. ಹಿಂದೆ ಸೆರಗಿಗೆ ಕೈ ಒರೆಸಿಕೊಂಡ ಸಪ್ಪಳ, ಬೆನ್ನಿಗೆ ಅವರ ತಣ್ಣನೆಯ ಬೆರಳು.

“ಹದಿನಾರು, ಹದಿನೇಳು… ಇದೇನ್ ತಂಗಿ, ಗುಂಡಿಗಿ ನಂಬರ್ ಹಾಕ್ಯಾರ?”

“ಏಟಿನ ನಂಬರ್ರಿ ಅವು. ಎಲ್ಲಾಕ್ಕಿಂತ ಜೋರನ್ವು.”

“ಏಟು? ಯಾರಿಗಿ?”

“ಇನ್ನ ಯಾರಿಗೂ ಇಲ್ರಿ. ಹಾಕ್ರಿ ನೀವು.”

“ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆತ್ ನೋಡು” ಎಂದು ವೈನಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟು ಒಮ್ಮೆ ತಟ್ಟಿದರು. ಎಷ್ಟು ಒರೆಸಿದರೂ ಕೈಯಲ್ಲಿ ಹಿಟ್ಟು ಉಳಿದಿತ್ತು. ಕನ್ನಡಿಯಲ್ಲಿ ತಿರುಗಿ ನೋಡಿದರೆ ಕೆಂಪು ಬಟ್ಟೆಯ ಮೇಲೆ ಐದು ಬೆರಳಿನ ಬಿಳಿ ಗುರುತು. ಅದನ್ನು ಝಾಡಿಸಿಕೊಳ್ಳದೆ ಹಾಗೇ ಹೋಗಿ ಕಮಲಾಪುರದ ಬಸ್ಸು ಹತ್ತಿದೆ.